ತಾಳಿಕೆ

ಗಣಕಯಂತ್ರದ ಮಿದುಳಿಗೆ ಪ್ರೊಸೆಸರ್ ಎಂದು ಹೆಸರು. ಆ ಪ್ರೊಸೆಸರನ್ನು ಅದರ ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿ ಓಡಿಸುವ ವಿದ್ಯೆಗೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ನಮ್ಮ ಕಳಸಾಪುರದಲ್ಲಿ ಇದಕ್ಕೆ 'ಬಾರಕೋಲು ಹಾಕೂದು' ಎನ್ನುತ್ತೇವೆ. ಹೀಗೆ ನಾಮಕರಣ ಮಾಡಿದವನು ನನ್ನ ತಂಗಿಯ ಮಗ. ಗದಗಿನ ಮಗ್ಗುಲಿಗೇ ಇರುವ ನಮ್ಮ ಹಳ್ಳಿಯಲ್ಲಿ ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಹೆಚ್ಚಿದ ಮೇಲೆ ಬಾರಕೋಲಿಗೆ ಕೆಲಸ ತಪ್ಪಿತ್ತು; ಪಾಪ, ಅದಕ್ಕೊಂದು ಹೊಸ ಉದ್ಯೋಗ ಸಿಕ್ಕಿತಲ್ಲ ಎಂದು ನನಗೆ ಸಂತೋಷವೇ ಆಯಿತು. ಆದರೆ ಎತ್ತಿಗೂ ಈ ಯಂತ್ರಕ್ಕೂ ಒಂದು ವ್ಯತ್ಯಾಸವುಂಟು. ಹೊಡೆತ ಹೆಚ್ಚಾದರೆ ಎತ್ತು ನಿಂತುಬಿಡುತ್ತದೆ, ಇಲ್ಲವೆ ನೊಗ ಹೊತ್ತೇ ಮಲಗಿಬಿಡುತ್ತದೆ. ಯಂತ್ರ ಕೆಲವೊಮ್ಮೆ ನಿಲ್ಲುತ್ತದೆ. ಕೆಲವೊಮ್ಮೆ ನಿಲ್ಲದೆ, ಓಡುತ್ತ ಓಡುತ್ತಲೇ ಲೆಕ್ಕ ತಪ್ಪುತ್ತದೆ. ಈ ಎರಡನೆಯದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಅಳಿಯನದು ಮದುವೆಯ ಚಿತ್ರ ತೆಗೆಯುವ ಉದ್ಯೋಗ. ಫೋಟೋ, ವಿಡಿಯೋ, ಆಲ್ಬಮ್ ಎಲ್ಲವೂ ಅವನ ಕೈಯಲ್ಲೇ. ನಮ್ಮ ಕಡೆ ಬಸವ ಜಯಂತಿಯ ಆಚೆ ಈಚೆ ಮದುವೆಗಳ ಸುಗ್ಗಿ. ಅಕ್ಷಯ ತೃತೀಯವೂ ಅದೇ ದಿನವಾದ್ದರಿಂದ ಒಂದೇ ಊರಲ್ಲಿ ಮೂರು ನಾಲ್ಕು ಹಂದರಗಳು ಏಳುವುದುಂಟು. ಹಂದರ ಬಿಚ್ಚುವ ಮೊದಲೇ ಬೀಗರು ವಿಡಿಯೋ ಯಾವಾಗ ಕೊಡುತ್ತಿ ಎಂದು ಕೇಳತೊಡಗುತ್ತಾರೆ. ತೆಗೆದ ತುಣುಕುಗಳನ್ನು ಆರಿಸಿ, ಜೋಡಿಸಿ, ಹಾಡು ಹಾಕಿದ ಮೇಲೆ ಇಡಿಯ ಚಿತ್ರವನ್ನು ಯಂತ್ರ ಒಂದಾಗಿ ಬೇಯಿಸಿ ಕೊಡಬೇಕು. ಇದಕ್ಕೆ ಅವರು ರೆಂಡರ್ ಎನ್ನುತ್ತಾರೆ. ಅವನ ಯಂತ್ರಕ್ಕೆ ಕಾರ್ಖಾನೆಯವರು ಕೊಟ್ಟ ವೇಗ, ಆರೂ ಕೋರುಗಳು ಕೂಡಿ ದುಡಿಯುವಾಗ, 4.5 ಗಿಗಾಹರ್ಟ್ಜ್. ಆ ವೇಗದಲ್ಲಿ ಒಂದು ಮದುವೆ ಬೇಯಲು 55 ನಿಮಿಷ ಹಿಡಿಯುತ್ತಿತ್ತು. 2024ರ ಡಿಸೆಂಬರಿನ ಒಂದು ರಾತ್ರಿ ಅವನು ಅದನ್ನು 5.0ಕ್ಕೆ ಏರಿಸಿದ. ಮದುವೆ 50 ನಿಮಿಷಕ್ಕೆ ಬೆಂದಿತು. ಅರ್ಧ ತಾಸು ಪರೀಕ್ಷೆ ಮಾಡಿ, "ಗಟ್ಟಿ ಐತ್ರಿ ಮಾಮಾ, ಏನೂ ಆಗಿಲ್ಲ" ಎಂದ.

ಏನೂ ಆಗಿಲ್ಲ ಎಂಬ ಮಾತಿನ ತೂಕ ಎಷ್ಟು ಎಂಬುದನ್ನು ಅರಿಯಬೇಕಾದರೆ ಈ ವೇಗವೆಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. ನಾನು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನನಗೆ ಹೊಳೆಯುವ ಹೋಲಿಕೆಯೂ ಶಾಲೆಯದೇ. ಪ್ರೊಸೆಸರಿನೊಳಗೆ ಒಂದು ಗಂಟೆ ಬಾರಿಸುತ್ತಲೇ ಇರುತ್ತದೆ. ಒಂದು ಗಂಟೆಗೂ ಮುಂದಿನ ಗಂಟೆಗೂ ನಡುವೆ ಮಕ್ಕಳೆಲ್ಲ ಒಂದು ಕೋಣೆ ಬಿಟ್ಟು ಇನ್ನೊಂದು ಕೋಣೆಗೆ ಹೋಗಿ ಕೂತಿರಬೇಕು. ಗಂಟೆಯಾದ ಕ್ಷಣಕ್ಕೆ ಹಾಜರಿ. 5.0 ಗಿಗಾಹರ್ಟ್ಜ್ ಎಂದರೆ ಒಂದು ಸೆಕೆಂಡಿಗೆ 500 ಕೋಟಿ ಗಂಟೆಗಳು. ಎರಡು ಗಂಟೆಗಳ ನಡುವಿನ ಅವಧಿಯಲ್ಲಿ ಬೆಳಕು ಕೂಡ 6 ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು. ಗಂಟೆಯನ್ನು ಬೇಗ ಬೇಗ ಬಾರಿಸಿದರೆ ಹೆಚ್ಚಿನ ಮಕ್ಕಳು ಹೇಗೋ ಓಡಿ ಮುಟ್ಟುತ್ತಾರೆ. ದೂರದ ಕೋಣೆಯಿಂದ ಬರಬೇಕಾದವನು ಮಾತ್ರ ಪಡಸಾಲೆಯಲ್ಲೇ ಸಿಕ್ಕಿಬೀಳುತ್ತಾನೆ. ಹಾಜರಿಯಲ್ಲಿ ಅವನ ಜಾಗಕ್ಕೆ ಹಳೆಯ ಹುಡುಗನ ಹೆಸರೇ ಬಿದ್ದುಹೋಗುತ್ತದೆ. ಇಷ್ಟೇ ತಪ್ಪು. ಆದರೆ ಆ ತಪ್ಪು ಹಾಜರಿಯ ಮೇಲೆ ನಡೆಯುವ ಮುಂದಿನ ಎಲ್ಲ ವ್ಯವಹಾರಕ್ಕೂ ಹರಿಯುತ್ತದೆ. ವೋಲ್ಟೇಜು ಹೆಚ್ಚಿಸಿದರೆ ಮಕ್ಕಳು ಚುರುಕಾಗಿ ಓಡುತ್ತಾರೆ. ಆದರೆ ಓಟದಿಂದ ಶಾಲೆ ಕಾಯುತ್ತದೆ, ಕಾದ ಶಾಲೆಯಲ್ಲಿ ಮಕ್ಕಳ ಕಾಲು ಸೋಲುತ್ತದೆ. ವೇಗ, ವೋಲ್ಟೇಜು, ಬಿಸಿ ಈ ಮೂರರ ಜಗಳವೇ ಓವರ್‌ಕ್ಲಾಕಿಂಗ್.

ಹಾಗಾದರೆ ತಯಾರಕರು ಕೊಟ್ಟ ವೇಗಕ್ಕಿಂತ ಹೆಚ್ಚು ಓಡುವ ಶಕ್ತಿ ಅದರಲ್ಲಿ ಬರುವುದಾದರೂ ಎಲ್ಲಿಂದ? ಹಿಂದಿನ ಕಾಲದ ಶಿಂಪಿಗರು ಹುಡುಗರಿಗೆ ಅಂಗಿ ಹೊಲಿಯುವಾಗ ಒಳಗೆ ಒಂದಿಷ್ಟು ಬಟ್ಟೆ ಮಡಿಚಿ ಬಿಡುತ್ತಿದ್ದರು. ಹುಡುಗ ಬೆಳೆದಂತೆ ಹೊಲಿಗೆ ಬಿಚ್ಚಿ ಅಂಗಿ ದೊಡ್ಡದು ಮಾಡಬಹುದಾಗಿತ್ತು. ಪ್ರೊಸೆಸರ್ ಮಾಡುವವರೂ ಹಾಗೆಯೇ ಒಂದಿಷ್ಟು ಒಳಬಟ್ಟೆ ಬಿಟ್ಟಿರುತ್ತಾರೆ. ಒಂದೇ ಅಚ್ಚಿನಲ್ಲಿ ಬಂದರೂ ಒಂದು ಚಿಪ್ಪಿನಂತೆ ಇನ್ನೊಂದಿರುವುದಿಲ್ಲ. ಗಿರಾಕಿಯ ಮನೆ ಎಷ್ಟು ಬಿಸಿಯೋ, ಕರೆಂಟು ಹೇಗೋ, ಎಷ್ಟು ವರ್ಷ ಬಳಸುತ್ತಾನೋ ತಿಳಿಯದು. ಅವೆಲ್ಲಕ್ಕೂ ಸೇರಿಸಿ ಕೈಬಿಗಿ ಹಿಡಿದು ವೇಗ ಗೊತ್ತುಮಾಡುತ್ತಾರೆ. 1998ರಲ್ಲಿ ಬಂದ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರಿನಲ್ಲಿ ಈ ಒಳಬಟ್ಟೆ ಎಷ್ಟು ಧಾರಾಳವಾಗಿತ್ತೆಂದರೆ, 66 ಮೆಗಾಹರ್ಟ್ಜಿನ ಬಸ್ಸನ್ನು 100ಕ್ಕೆ ಏರಿಸಿದ ಮಾತ್ರಕ್ಕೆ 300ರ ಯಂತ್ರ 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು! ಆ ಕಾಲದ ಹುಡುಗರಿಗೆ ಹುಚ್ಚು ಹಿಡಿದದ್ದು ಆಶ್ಚರ್ಯವಲ್ಲ.

ಈಗ ಆ ಧಾರಾಳವಿಲ್ಲ. ಇಂದಿನ ಪ್ರೊಸೆಸರು ತನ್ನ ಬಿಸಿಯನ್ನು ತಾನೇ ಅಳೆದುಕೊಂಡು, ಎಡೆಯಿದ್ದರೆ ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. ಹಿಂದೆ ಗಿರಾಕಿಗೆ ಬಿಟ್ಟಿದ್ದ ಒಳಬಟ್ಟೆಯನ್ನು ಇಂದು ಕಂಪನಿಯವರೇ ಬಿಚ್ಚಿ ಮಾರುತ್ತಾರೆ. ಹೀಗೆ ಅಂಚಿಗೆ ಹೋಗಿ ನಿಂತರೆ ಅವರ ಕಾಲೂ ಜಾರುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು, ಯಾರೂ ಬಾರಕೋಲು ಹಾಕದಿದ್ದರೂ, ತಡವರಿಸತೊಡಗಿದವು. ಚಿಪ್ಪಿನೊಳಗಿನ ಸೂಚನೆಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಕೇಳುತ್ತಿದ್ದುದೂ ಇದಕ್ಕೆ ಕಾರಣವೆಂದು ಕಂಪನಿಯೇ ಹೇಳಿತು. ಸೂಚನೆಗಳನ್ನು ತಿದ್ದಿ, ವಾರಂಟಿಯನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಅಳಿಯನ ಯಂತ್ರ ಆ ಜಾತಿಯದಲ್ಲ. ಅದರ ಕಥೆಯೇ ಬೇರೆ.

ಆ ಕಥೆ ಶುರುವಾದದ್ದು 2025ರ ಏಪ್ರಿಲಿನಲ್ಲಿ. ರಾತ್ರಿ ಸುಮ್ಮನೆ ದುಡಿಯುತ್ತಿದ್ದ ಯಂತ್ರ ಮಧ್ಯಾಹ್ನ ಮೂರರ ಹೊತ್ತಿಗೆ ನೀಲಿ ಪರದೆ ತೋರಿಸಿ ಸತ್ತುಹೋಗುವುದು. ಕೆಲವು ದಿನ ಸಾಯುತ್ತಿರಲಿಲ್ಲ. ರೆಂಡರ್ ನೂರಕ್ಕೆ ಎಪ್ಪತ್ತರವರೆಗೆ ಹೋಗಿ ನಿಲ್ಲುತ್ತಿತ್ತು. ಇನ್ನು ಕೆಲವು ದಿನ ರೆಂಡರ್ ಮುಗಿದೇ ಬಿಡುತ್ತಿತ್ತು, ಆದರೆ ಚಿತ್ರದ ನಡುವೆ ಎಲ್ಲೋ ಒಂದು ಕಡೆ ಹಸಿರು ಚೌಕಗಳು ಮಿಂಚಿ ಮಾಯವಾಗುತ್ತಿದ್ದವು. ಸುದ್ದಿ ಕಟ್ಟೆಗೆ ಮುಟ್ಟಿತು. ಕಟ್ಟೆಯ ಮೇಲೆ ವೈದ್ಯರಿಗೆ ಬರವೆ? ಒಬ್ಬರು ವೈರಸ್ ಎಂದರು. ಒಬ್ಬರು ಯಂತ್ರದ ಮುಖ ದಕ್ಷಿಣಕ್ಕಿದೆ ಎಂದರು. ಒಬ್ಬರು ಕೆಟ್ಟ ದೃಷ್ಟಿಯೆಂದು ನಿಂಬೆಹಣ್ಣು ಹೇಳಿದರು. ಹೆಚ್ಚಿನವರ ಮತ ಕರೆಂಟಿನ ಮೇಲಿತ್ತು. ನಮ್ಮಲ್ಲಿ ಹಾಲು ಒಡೆದರೂ ಕರೆಂಟಿಗೆ ಬಯ್ಯುವ ರೂಢಿಯುಂಟು.

ಅಳಿಯನೂ ಸುಮ್ಮನೆ ಕೂತಿರಲಿಲ್ಲ. ಒಂದೇ ರಾತ್ರಿಯಲ್ಲಿ ವೋಲ್ಟೇಜು ಏರಿಸಿ, ಮೆಮೊರಿಯ ವೇಗ ಇಳಿಸಿ, ಫ್ಯಾನು ಬದಲಿಸಿ, ವಿಂಡೋಸನ್ನು ಹೊಸದಾಗಿ ಹಾಕಿದ. ಯಂತ್ರ ಮರುದಿನ ಸರಿಯಿತ್ತು, ಅದರ ಮರುದಿನ ಸತ್ತಿತು. ಹೀಗೆ ಎರಡು ಮೂರು ಸಲ ಆಗಿ, ಕೊನೆಗೊಂದು ರಾತ್ರಿ ಯಂತ್ರ ಏಳಲೇ ಇಲ್ಲ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದ. ಯಂತ್ರ ಅವನು ಹೇಳಿಕೊಟ್ಟದ್ದನ್ನೆಲ್ಲ ಮರೆತು, ಕಾರ್ಖಾನೆಯಿಂದ ಬಂದ ದಿನದಂತೆ ಎದ್ದು ಕೂತಿತು. ಆಗ ನನ್ನ ಕಡೆ ಬಂದ. "ಮಾಮಾ, ನನಗಂತೂ ತಲಿ ನಡೀವಲ್ದು. ನೀವೊಂದೀಟು ಕುಂತು ನೋಡ್ರಿ" ಎಂದ.

ನನಗೆ ಯಂತ್ರದ ವಿದ್ಯೆ ಅವನಷ್ಟು ಬಾರದು. ಆದರೆ ತಪ್ಪಾದ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ನನ್ನ ಮೂವತ್ತು ವರ್ಷ ಕಳೆದಿವೆ. ಒಂದು ನೂರು ಹಾಳೆಯ ನೋಟುಬುಕ್ಕು ತರಿಸಿದೆ. "ತಮ್ಮಾ, ಇನ್ನ ಮ್ಯಾಲೆ ಒಂದು ಸಲಕ್ಕ ಒಂದ ಬದಲು. ಮಾಡಿದ್ದು ಬರೀಬೇಕು, ಆದದ್ದು ಬರೀಬೇಕು, ಹೊತ್ತು ಬರೀಬೇಕು" ಎಂದೆ. ನಾಲ್ಕು ಬದಲನ್ನು ಒಟ್ಟಿಗೆ ಮಾಡಿದರೆ ರೋಗ ಹೋದರೂ ಯಾವ ಔಷಧಿಯಿಂದ ಹೋಯಿತೆಂದು ತಿಳಿಯದು. ಹೋಗದಿದ್ದರೆ ಯಾವುದು ವಿಷವಾಯಿತೆಂದೂ ತಿಳಿಯದು.

ಮೊದಲ ಪುಟದಲ್ಲಿ ಬರೆದದ್ದು ಇಷ್ಟು: ಎಲ್ಲವೂ ಕಾರ್ಖಾನೆಯ ವೇಗಕ್ಕೆ. ಮೂರು ದಿನ ಹಾಗೆಯೇ ದುಡಿಸಿದೆವು. ಬಿಸಿಲಿನಲ್ಲೂ ಯಂತ್ರ ಸಾಯಲಿಲ್ಲ, ಚೌಕ ಮೂಡಲಿಲ್ಲ. ಇದು ಸಣ್ಣ ಸಂಗತಿಯಲ್ಲ. ಇಲ್ಲಿಯೂ ಸತ್ತಿದ್ದರೆ ಡಿಸ್ಕು, ವಿದ್ಯುತ್ತಿನ ಡಬ್ಬಿ, ತಂತಿ ಎಂದು ಬೇರೆ ಕಡೆ ಹುಡುಕಬೇಕಾಗಿತ್ತು. ಸಾಯದ ಕಾರಣ, ದೋಷ ನಾವು ಏರಿಸಿದ್ದರಲ್ಲಿಯೇ ಇದೆ ಎಂದಾಯಿತು. ಆದರೂ ಕಟ್ಟೆಯವರ ಸಮಾಧಾನಕ್ಕೆ ಕರೆಂಟನ್ನೂ ವಿಚಾರಣೆ ಮಾಡಿದೆವು. ವೇಗವನ್ನು ಮತ್ತೆ 5.0ಕ್ಕೆ ಏರಿಸಿ, ಒಂದು ಮಧ್ಯಾಹ್ನ ಯಂತ್ರವನ್ನು ಸ್ಟೆಬಿಲೈಜರಿನ ಮೇಲೆ, ಇನ್ನೊಂದು ಮಧ್ಯಾಹ್ನ ಬ್ಯಾಟರಿಯ ಮೇಲೆ ಓಡಿಸಿದೆವು. ಎರಡೂ ಸಲ ಸತ್ತಿತು. ಕರೆಂಟು ನಿರಪರಾಧಿ ಎಂದು ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಜೀವಮಾನದಲ್ಲಿ ಅದಕ್ಕೆ ಇಂಥ ಪ್ರಮಾಣಪತ್ರ ಸಿಕ್ಕದ್ದು ಇದೇ ಮೊದಲಿರಬೇಕು.

ಇನ್ನು ಮೆಮೊರಿ. ಯಂತ್ರದಲ್ಲಿ ನಾಲ್ಕು ಪಟ್ಟಿಗಳಿದ್ದವು. ಎರಡು ಯಂತ್ರದ ಜೊತೆ ಬಂದವು, ಎರಡು ಆಮೇಲೆ ಕೊಂಡು ಕೂಡಿಸಿದವು. ಪೆಟ್ಟಿಗೆಯ ಮೇಲೆ 3600 ಎಂದು ಬರೆದದ್ದನ್ನು ನೋಡಿ, ಬಯೋಸಿನಲ್ಲಿ ಎಕ್ಸ್‌ಎಂಪಿ ಎಂಬ ಒಂದು ಗುಂಡಿ ಒತ್ತಿದ್ದ. ಈ ಗುಂಡಿಯೂ ಒಂದು ಬಾರಕೋಲೇ ಎಂಬುದು ಬಹಳ ಜನಕ್ಕೆ ತಿಳಿಯದು. ಪ್ರೊಸೆಸರನ್ನು ಕಾರ್ಖಾನೆಯ ವೇಗಕ್ಕೆ ಇಳಿಸಿ, ಮೆಮೊರಿಯನ್ನು ಮಾತ್ರ 3600ರಲ್ಲಿಟ್ಟು, ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಿದೆವು. ಅದು ಮೆಮೊರಿಯ ಪ್ರತಿ ಮನೆಯಲ್ಲೂ ಒಂದು ಗುರುತು ಬರೆದು, ತಿರುಗಿ ಓದಿ, ತಾಳೆ ನೋಡುತ್ತದೆ. ಬೆಳಿಗ್ಗೆ ಪರದೆಯ ಮೇಲೆ ಏಳು ಕೆಂಪು ಸಾಲುಗಳಿದ್ದವು. ಮೊದಲಿನ ಎರಡನ್ನೇ ಇಟ್ಟು ನೋಡಿದೆವು: ಶುದ್ಧ. ಆಮೇಲಿನ ಎರಡನ್ನೇ ಇಟ್ಟೆವು: ಶುದ್ಧ. ನಾಲ್ಕನ್ನೂ ಕೂಡಿಸಿದರೆ ಮತ್ತೆ ಕೆಂಪು. ಯಾವ ಪಟ್ಟಿಯೂ ಕೆಟ್ಟಿರಲಿಲ್ಲ. ನಾಲ್ಕನ್ನೂ ಆ ವೇಗದಲ್ಲಿ ಸಂಭಾಳಿಸುವ ತ್ರಾಣ ಪ್ರೊಸೆಸರಿನೊಳಗಿನ ಮೇಸ್ತ್ರಿಗೆ ಇರಲಿಲ್ಲ. ಒಬ್ಬೊಬ್ಬರಾಗಿ ಒಳ್ಳೆಯವರಾದ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಕೂಡಿದಾಗ ಏನಾಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾದ್ದಿಲ್ಲ. 3200ಕ್ಕೆ ಇಳಿಸಿದೆವು. ಎರಡು ರಾತ್ರಿ ಓಡಿಸಿದರೂ ಒಂದು ಕೆಂಪು ಸಾಲೂ ಬರಲಿಲ್ಲ.

ಚೌಕಗಳು ನಿಂತವು. ಆದರೆ 5.0ಕ್ಕೆ ಹೋದೊಡನೆ ಮಧ್ಯಾಹ್ನದ ಸಾವು ನಿಲ್ಲಲಿಲ್ಲ. ಒಂದೇ ರೋಗವೆಂದು ತಿಳಿದದ್ದು ಎರಡು ರೋಗವಾಗಿತ್ತು. ಈಗ ಬಿಸಿಯ ಸರದಿ. ಅಳಿಯನ ಕೋಣೆ ತಗಡಿನ ಮಾಡಿನದು. ಡಿಸೆಂಬರಿನ ರಾತ್ರಿ ಅಲ್ಲಿ 22 ಡಿಗ್ರಿ, ಏಪ್ರಿಲಿನ ಮಧ್ಯಾಹ್ನ 38. ಪ್ರೊಸೆಸರಿನ ಬಿಸಿ ಕೋಣೆಯ ಬಿಸಿಯ ಮೇಲೆ ಏರುವ ಬಿಸಿ. ದುಡಿಮೆಯಿಂದ 60 ಡಿಗ್ರಿ ಏರುವ ಯಂತ್ರ ಚಳಿಗಾಲದಲ್ಲಿ 82 ಮುಟ್ಟಿದರೆ ಬೇಸಗೆಯಲ್ಲಿ 98 ಮುಟ್ಟುತ್ತದೆ. ನೂರರ ಸುಮಾರಿಗೆ ಬಂತೆಂದರೆ ಪ್ರೊಸೆಸರು ತನ್ನನ್ನು ತಾನು ಕಾಯ್ದುಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಅಲ್ಲಿಗೆ ಹೋಗುವ ಮೊದಲೇ ಕಾಲು ಸೋತ ಮಕ್ಕಳು ಪಡಸಾಲೆಯಲ್ಲಿ ಸಿಕ್ಕಿಬೀಳುತ್ತಾರೆ. ಚಳಿಗಾಲದ ರಾತ್ರಿಯ ಅರ್ಧ ತಾಸಿನ ಪರೀಕ್ಷೆ ಬೇಸಗೆಗೆ ಜಾಮೀನು ನಿಲ್ಲದು.

ಡಬ್ಬಿ ಬಿಚ್ಚಿದೆವು. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಮ್ಮ ಎರೆಹೊಲಗಳ ಧೂಳನ್ನು ಹೊತ್ತುಕೊಂಡೇ ಊರೊಳಗೆ ಬರುತ್ತದೆ. ಅದಕ್ಕೆ ಅರಳೆಯ ಎಳೆ ಕೂಡಿದರೆ ಕೇಳಬೇಕೆ? ಬಿಸಿ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಒಂದು ಕೌದಿಯೇ ನೇಯ್ದುಕೊಂಡಿತ್ತು. ಊದಿ ತೆಗೆದೆವು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಸವರುವ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಒರೆಸಿ ಹೊಸದು ಸವರಿದೆವು. ಏರುವ ಬಿಸಿ 60ರಿಂದ 50ಕ್ಕೆ ಇಳಿಯಿತು. ಮಧ್ಯಾಹ್ನವೂ 88. ಸಾವುಗಳು ಕಡಿಮೆಯಾದವು. ಆದರೆ ಕಡಿಮೆಯಾದವು, ನಿಲ್ಲಲಿಲ್ಲ. ಈ ಸ್ಥಿತಿ ಎಲ್ಲಕ್ಕಿಂತ ಅಪಾಯದ್ದು. ದಿನಕ್ಕೆ ಮೂರು ಸಲ ಸಾಯುವ ಯಂತ್ರವನ್ನು ಯಾರೂ ನಂಬುವುದಿಲ್ಲ. ವಾರಕ್ಕೊಮ್ಮೆ ಸಾಯುವುದನ್ನು ಎಲ್ಲರೂ ಕ್ಷಮಿಸುತ್ತಾರೆ.

ಇಲ್ಲಿ ನನ್ನ ಹಳೆಯ ಪ್ರೀತಿಯ ಗಣಿತವೇ ನೆರವಿಗೆ ಬಂತು. ಪ್ರೈಮ್95 ಎಂಬ ಒಂದು ಕಾರ್ಯಕ್ರಮವುಂಟು. ಜಾರ್ಜ್ ವೋಲ್ಟ್‌ಮನ್ ಎಂಬವರು 1996ರಲ್ಲಿ ಆರಂಭಿಸಿದ ಸಾಮೂಹಿಕ ಹುಡುಕಾಟಕ್ಕಾಗಿ ಬರೆದದ್ದು. ಎರಡನ್ನು ಎರಡರಿಂದ ಎಷ್ಟೋ ಸಲ ಗುಣಿಸಿ, ಅದರಲ್ಲಿ ಒಂದು ಕಳೆದಾಗ ಉಳಿಯುವ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿಯ ಹೆಸರಿದೆ. ಲೋಕದ ಸಾವಿರಾರು ಜನ ತಮ್ಮ ತಮ್ಮ ಯಂತ್ರಗಳಲ್ಲಿ ಅವನ್ನು ಹುಡುಕುತ್ತಾರೆ. 2024ರಲ್ಲಿ ಅವರಿಗೆ ಸಿಕ್ಕ ಸಂಖ್ಯೆಯಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕೆಗಳಿವೆ. ಇಷ್ಟು ದೊಡ್ಡ ಗುಣಾಕಾರವನ್ನು ದಶಾಂಶಗಳಲ್ಲಿ ಮಾಡಿ, ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಮಾಡುತ್ತಾರೆ. ಉತ್ತರ ಪೂರ್ಣಾಂಕಕ್ಕೆ ಆತುಕೊಂಡೇ ಬರಬೇಕು. ನಟ್ಟನಡುವೆ, ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಿಂತರೆ ಯಂತ್ರ ಎಲ್ಲೋ ತಪ್ಪಿದೆ ಎಂದರ್ಥ. ದಾರಿಯುದ್ದಕ್ಕೂ ತಾಳೆ ನೋಡುವ ಈ ಗುಣದಿಂದಾಗಿಯೇ ಅವಿಭಾಜ್ಯ ಸಂಖ್ಯೆಗಳ ಗೊಡವೆಯಿಲ್ಲದವರೂ ಯಂತ್ರದ ತಾಳಿಕೆ ನೋಡಲು ಇದನ್ನು ಬಳಸುತ್ತಾರೆ.

5.0ರಲ್ಲಿ ಓಡಿಸಿದೆವು. ಆರು ಕೋರುಗಳಿಗೆ ಆರು ಜನ ಗುಮಾಸ್ತರಿದ್ದಂತೆ. 40 ನಿಮಿಷಕ್ಕೆ ನಾಲ್ಕನೆಯ ಗುಮಾಸ್ತ ನಿಂತ. 0.4ಕ್ಕಿಂತ ಕಡಿಮೆಯಿರಬೇಕಾದ ಜಾಗದಲ್ಲಿ 0.5 ಬಂದಿದೆ ಎಂದು ವರದಿ. ಉಳಿದ ಐವರು ಏನೂ ಆಗದವರಂತೆ ದುಡಿಯುತ್ತಲೇ ಇದ್ದರು. ನೀಲಿ ಪರದೆ ಇಲ್ಲ, ಸಾವಿಲ್ಲ. ಲೆಕ್ಕ ಮಾತ್ರ ತಪ್ಪಿತ್ತು. ಮರುದಿನ ಮತ್ತೆ ಓಡಿಸಿದೆವು: ಮತ್ತೆ ನಾಲ್ಕನೆಯವನೇ. 4.9ಕ್ಕೆ ಇಳಿಸಿದೆವು: ಮೂರು ತಾಸಿನ ಮೇಲೆ ನಿಂತ, ಅವನೇ. ಪ್ರತಿ ಸಲ ಬೇರೆ ಬೇರೆಯವರು ನಿಂತಿದ್ದರೆ ಬಿಸಿಯನ್ನೋ ಮೆಮೊರಿಯನ್ನೋ ಮತ್ತೆ ಶಂಕಿಸಬೇಕಾಗಿತ್ತು. ಒಬ್ಬನೇ ನಿಲ್ಲುತ್ತಿದ್ದುದರಿಂದ ಆರರಲ್ಲಿ ಅವನು ಅಶಕ್ತ ಎಂದು ಗೊತ್ತಾಯಿತು. ಅಚ್ಚಿನಲ್ಲಿ ಹಾಗೆ ಬಂದವನು. ಅದು ಅವನ ಅಪರಾಧವೂ ಅಲ್ಲ. ಕಾರ್ಖಾನೆಯವರು ಒಪ್ಪಿಕೊಂಡ 4.5ರಲ್ಲಿ ಅವನು ಉಳಿದವರಷ್ಟೇ ಪ್ರಾಮಾಣಿಕ.

ಅಳಿಯನಿಗೆ ವೇಗ ಬಿಡಲು ಮನಸ್ಸಿಲ್ಲ. "ವೋಲ್ಟೇಜ್ ಏರಸೂಣ್ರಿ ಮಾಮಾ" ಎಂದ. ಬಯೋಸಿನಲ್ಲಿ 1.35 ಕೊಟ್ಟರೂ ಆರೂ ಜನ ದುಡಿಯುವಾಗ ಅದು 1.28ಕ್ಕೆ ಕುಸಿಯುತ್ತಿತ್ತು, ಹೊರೆ ಬಿದ್ದಾಗ ಹಾಗೆ ಕುಸಿಯುವುದು ಸಹಜ. 1.40 ಕೊಟ್ಟರೆ ನಾಲ್ಕನೆಯವನೂ ಓಡಿಯಾನು. ಆದರೆ ಬಿಸಿ ವೇಗದಂತೆ ನೇರವಾಗಿ ಏರಿದರೆ, ವೋಲ್ಟೇಜಿನ ವರ್ಗದಂತೆ ಏರುತ್ತದೆ. 1.35ರಿಂದ 1.40 ಎಂದರೆ ನೂರಕ್ಕೆ ಏಳೂವರೆ ಪಾಲು ಬಿಸಿ ಹೆಚ್ಚು. ನೋಟುಬುಕ್ಕಿನಲ್ಲಿ ಇದೇ ಲೆಕ್ಕವನ್ನು ಇಳಿಮುಖವಾಗಿ ಮಾಡಿ ತೋರಿಸಿದೆ. 4.7ಕ್ಕೆ ಇಳಿದರೆ 1.25 ಸಾಕಾದೀತು, ಹಾಗಾದರೆ ವೇಗದಲ್ಲಿ ನೂರಕ್ಕೆ ಆರು ಬಿಟ್ಟುಕೊಟ್ಟು ಬಿಸಿಯಲ್ಲಿ ಸುಮಾರು ಇಪ್ಪತ್ತು ಉಳಿಸಬಹುದು. ಮದುವೆ 50ರ ಬದಲು 53 ನಿಮಿಷಕ್ಕೆ ಬೇಯುತ್ತದೆ. ಅವನು ಬಹಳ ಹೊತ್ತು ಆ ಪುಟ ನೋಡಿದ. 4.8ರಲ್ಲಿ ಒಂದು ರಾತ್ರಿ, ಒಂದು ಹಗಲು ಪ್ರೈಮ್95 ಓಡಿತು, ಯಾರೂ ನಿಲ್ಲಲಿಲ್ಲ. ಪಾಸಾದ ಮೆಟ್ಟಿಲಿನಲ್ಲಿ ನಿಲ್ಲದೆ ಅದರ ಕೆಳಗಿನ ಮೆಟ್ಟಿಲಿಗೆ ಬಂದು, ವೋಲ್ಟೇಜನ್ನು ಒಂದೊಂದೇ ಹೆಜ್ಜೆ ಇಳಿಸಿ, ಪ್ರತಿ ಹೆಜ್ಜೆಗೂ ಒಂದು ರಾತ್ರಿ ಪರೀಕ್ಷೆ ಮಾಡಿ, 4.7ಕ್ಕೆ ನಿಲ್ಲಿಸಿದೆವು. ಆ ಒಂದು ಮೆಟ್ಟಿಲು ಶಿಂಪಿಗನ ಒಳಬಟ್ಟೆ.

ಯಂತ್ರ ಗುಣವಾಯಿತು. ಆದರೆ ಕೇಳಬೇಕಾದ ಒಂದು ಪ್ರಶ್ನೆ ಉಳಿದಿತ್ತು. ಮೆಮೊರಿಯನ್ನು ಆ ವೇಗದಲ್ಲಿಟ್ಟದ್ದು ಯಾವಾಗ ಎಂದು ಕೇಳಿದೆ. ಡಿಸೆಂಬರಿನಿಂದ ಎಂದ. ಹಾಗಾದರೆ ಡಿಸೆಂಬರಿನಿಂದ ಈಚೆಗೆ ಕ್ಯಾಮರಾದ ಕಾರ್ಡಿನಿಂದ ಡಿಸ್ಕಿಗೆ ಹೋದ ಪ್ರತಿಯೊಂದು ತುಣುಕೂ ಆ ಮೆಮೊರಿಯ ಮೂಲಕವೇ ಹೋಗಿದೆ. ಕಾರ್ಡುಗಳನ್ನು ಅಳಿಸಿ ಮುಂದಿನ ಮದುವೆಗಳಿಗೆ ಬಳಸಿಯೂ ಆಗಿದೆ. ಅವನ ಮುಖ ಬಾಡಿತು.

ನಾಲ್ಕು ದಿನ ಕೂತು ಎಲ್ಲ ತುಣುಕುಗಳನ್ನೂ ನೋಡಿದ. ಬಹುಪಾಲು ನೆಟ್ಟಗಿದ್ದವು. ಫೆಬ್ರವರಿಯ ಒಂದು ಮದುವೆಯಲ್ಲಿ ಒಂದು ತುಣುಕು ಕೆಟ್ಟಿತ್ತು. ಬೇರೆ ಯಂತ್ರದಲ್ಲಿ ಹಾಕಿದರೂ ಅದೇ ಜಾಗದಲ್ಲಿ ಅದೇ ಚೌಕಗಳು. ಅಂದರೆ ತಪ್ಪು ಡಿಸ್ಕಿನಲ್ಲೇ ಬರೆದುಹೋಗಿತ್ತು. ಇಂಥ ಚಿತ್ರಗಳಲ್ಲಿ ಪ್ರತಿ ಚೌಕಟ್ಟನ್ನೂ ಪೂರ್ತಿ ಬರೆಯುವುದಿಲ್ಲ, ಹಿಂದಿನದಕ್ಕಿಂತ ಏನು ಬೇರೆ ಎಂಬುದನ್ನಷ್ಟೇ ಬರೆಯುತ್ತಾರೆ. ಒಂದು ಕಡೆ ಅಕ್ಷರ ತಪ್ಪಿದರೆ ಮುಂದಿನ ಪೂರ್ತಿ ಚೌಕಟ್ಟು ಬರುವವರೆಗೂ ಆ ತಪ್ಪು ಹರಿಯುತ್ತದೆ. ಇಲ್ಲಿ ಹರಿದದ್ದು ಒಂದೇ ಸೆಕೆಂಡು. ಆದರೆ ಆ ಸೆಕೆಂಡಿನಲ್ಲಿ ಮದುಮಗಳ ಅಜ್ಜ ಮೊಮ್ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕುತ್ತಿದ್ದರು. ಮಾರ್ಚಿಯಲ್ಲಿ ಅವರು ತೀರಿಕೊಂಡಿದ್ದರು. ಅವರು ನಡೆದಾಡುವ ಚಿತ್ರ ಆ ಮನೆಯಲ್ಲಿ ಬೇರೆ ಇರಲಿಲ್ಲ. ಮನೆಯವರು ವಿಡಿಯೋದ ದಾರಿಯನ್ನು ಕಾಯುತ್ತಿದ್ದುದೂ ಅದಕ್ಕಾಗಿಯೇ.

"ಮಾಮಾ, ಅಲ್ಲೊಂದು ಹೂವಿನ ಎಫೆಕ್ಟ್ ಹಾಕಿದ್ರ ಯಾರಿಗೂ ಗೊತ್ತಾಗೂದಿಲ್ರಿ" ಎಂದ ಅಳಿಯ. ಅದು ನಿಜ. ಮದುವೆಯ ವಿಡಿಯೋದಲ್ಲಿ ಹೂವು ಉದುರದಿದ್ದರೇ ಜನಕ್ಕೆ ಸಂಶಯ. ನಾನು ಏನೂ ಅನ್ನಲಿಲ್ಲ. ಸಂಜೆ ಅವನೇ ಬಂದು, "ನಡೀರಿ, ಹೇಳಿ ಬರೂಣು" ಎಂದ. ನಾನೂ ಜೊತೆಗೆ ಹೋದೆ.

ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಇವನು ತಡವರಿಸುತ್ತ ಎಲ್ಲವನ್ನೂ ಹೇಳಿದ. ಮೆಮೊರಿ, ವೇಗ ಎಂಬುದೆಲ್ಲ ಅವರಿಗೆ ಬೇಕಾಗಿರಲಿಲ್ಲ. "ಅವರ ಕೈ ಕಾಣಸ್ತೈತೇನಪಾ?" ಎಂದು ಕೇಳಿದರು.

"ಕಾಣಸ್ತೈತ್ರಿ ಅಜ್ಜಿ."

"ಮಾರಿ?"

"ಒಂದ್ ಸೆಕೆಂಡ್ ಕಾಣಂಗಿಲ್ರಿ. ಆಮ್ಯಾಲ ಕಾಣಸ್ತೈತ್ರಿ."

"ಹಂಗ ಇರಲಿ ಬಿಡು. ಮ್ಯಾಲೆ ಹೂವು ಗೀವು ಏನೂ ಹಾಕಬ್ಯಾಡ" ಎಂದರು. ಹೂವಿನ ಮಾತನ್ನು ನಾವು ಅವರ ಮುಂದೆ ಎತ್ತಿರಲಿಲ್ಲ.

ತಾಳಿಕೆ ಎಂಬುದನ್ನು ಕುರಿತು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಯಂತ್ರ ಅಸ್ಥಿರ ಎಂಬುದನ್ನು ಸಿದ್ಧಮಾಡಲು ಒಂದು ತಪ್ಪು ಸಾಕು. ಸ್ಥಿರ ಎಂಬುದನ್ನು ಸಿದ್ಧಮಾಡಲು ಎಷ್ಟು ರಾತ್ರಿಗಳೂ ಸಾಲವು. ಇದುವರೆಗೆ ತಪ್ಪಿಲ್ಲ ಎಂದಷ್ಟೇ ಹೇಳಬಹುದು. ಓಡುತ್ತದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ, ತಾಳುತ್ತದೆ ಎಂಬುದು ಕಾಲ ಹೇಳಬೇಕಾದ ಸಂಗತಿ. ನೀಲಿ ಪರದೆ ತೋರಿಸಿ ಸಾಯುವ ಯಂತ್ರವನ್ನು ನಾವು ಶಪಿಸುತ್ತೇವೆ. ಸರಿಯಾಗಿ ನೋಡಿದರೆ ಅದು ನಮ್ಮ ಹಿತೈಷಿ. ಇನ್ನು ಆಗದು ಎಂದು ಬಾಯಿಬಿಟ್ಟು ಹೇಳುತ್ತದೆ. ಕೇಡು ಬರುವುದು ಸುಮ್ಮನಿದ್ದು ಒಂದಕ್ಷರ ತಪ್ಪು ಬರೆಯುವುದರಿಂದ. ಆ ಏಪ್ರಿಲಿನಲ್ಲಿ ಯಂತ್ರ ಬಿಸಿಲಿಗೆ ಸಾಯದಿದ್ದರೆ ಮೆಮೊರಿಯ ತಪ್ಪನ್ನು ಯಾರೂ ಹುಡುಕುತ್ತಿರಲಿಲ್ಲ; ಇನ್ನೆಷ್ಟು ಮನೆಗಳ ಸೆಕೆಂಡುಗಳು ಹೋಗುತ್ತಿದ್ದವೋ.

ವೇಗಕ್ಕಾಗಿಯೇ ವೇಗ ಬೇಕೆನ್ನುವವರೂ ಇದ್ದಾರೆ; ಅವರ ಆಟಕ್ಕೆ ನನ್ನ ತಕರಾರಿಲ್ಲ. 2023ರಲ್ಲಿ ಅಂಥವರು ದ್ರವರೂಪದ ಹೀಲಿಯಂ ಸುರಿದು ಒಂದು ಪ್ರೊಸೆಸರನ್ನು 9 ಗಿಗಾಹರ್ಟ್ಜ್ ದಾಟಿಸಿದರು. ಅಲ್ಲಿ ಯಂತ್ರ ಕೆಲವು ಕ್ಷಣ ನಿಂತರೆ ಸಾಕು, ದಾಖಲೆಯಾಗುತ್ತದೆ. ಅದು ಗರಡಿಯ ಕುಸ್ತಿ. ಅಲ್ಲಿ ಕಲಿತ ಪಟ್ಟನ್ನು ಮನೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳುವಾಗ ಹಾಕಬಾರದು. ಇನ್ನೊಬ್ಬರ ನೆನಪನ್ನು ಸಂಬಳಕ್ಕೆ ಕಾಯುವ ಯಂತ್ರದ ಧರ್ಮವೇ ಬೇರೆ.

ಈಗ ಅಳಿಯನ ಯಂತ್ರ 4.7ರಲ್ಲಿ, ಮೆಮೊರಿ 3200ರಲ್ಲಿ ದುಡಿಯುತ್ತಿವೆ. ಡಬ್ಬಿಯ ಮೇಲೆ ಆ ಎರಡು ಅಂಕಿಗಳನ್ನು ಬರೆದ ಚೀಟಿಯಿದೆ. ಕಾರ್ಡಿನಿಂದ ಬಂದ ತುಣುಕುಗಳನ್ನು ಎರಡು ಡಿಸ್ಕುಗಳಿಗೆ ಇಳಿಸಿ, ಮೂಲಕ್ಕೂ ನಕಲಿಗೂ ತಾಳೆ ನೋಡಿ, ಚಿತ್ರ ಮನೆಯವರ ಕೈಗೆ ಮುಟ್ಟಿದ ಮೇಲೆಯೇ ಕಾರ್ಡು ಅಳಿಸುತ್ತಾನೆ. ಯುಗಾದಿಗೆ ಒಮ್ಮೆ ಡಬ್ಬಿ ಬಿಚ್ಚಿ ಧೂಳು ಊದುತ್ತಾನೆ, ಒಂದು ರಾತ್ರಿ ಪರೀಕ್ಷೆ ಓಡಿಸುತ್ತಾನೆ, ನೋಟುಬುಕ್ಕಿನಲ್ಲಿ ಬರೆಯುತ್ತಾನೆ. ಒಂದು ಮದುವೆ ಬೇಯಲು ಮೂರು ನಿಮಿಷ ತಡವಾಗುತ್ತದೆ. ಆ ಹೊತ್ತಿನಲ್ಲಿ ಅವನು ಚಹಾ ಕುಡಿಯುತ್ತಾನೆ. ಬೀಗರ ಫೋನು ಬಂದರೆ, "ಇನ್ನೊಂದು ಮೂರ್ ನಿಮಿಷರೀ, ಆತು" ಎನ್ನುತ್ತಾನೆ.